ರಾಯಭಾರದ ಕಾಯಕವೂ ಮನೆಯ ಕಟ್ಟಳೆಯೂ



ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂದು ನಾವು ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಕೇಳಿದವರು ತಲೆದೂಗುತ್ತ ಬಂದಿದ್ದಾರೆ. ಆದರೆ ಬಂಧುಬಳಗದಲ್ಲಿ ಇದುವರೆಗೆ ಯಾರೂ ಕೈಹಾಕದ ಕಾಯಕವೊಂದನ್ನು ಮನೆಯ ಮಗಳೇ ಕೈಗೊಳ್ಳುತ್ತೇನೆಂದಾಗ ಆ ತಲೆದೂಗುವಿಕೆ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ನೋಡಬೇಕು. ಈ ತಿಂಗಳು ನಮ್ಮ ಮುಂದಿರುವುದು ಅಂಥದೊಂದು ಸಂದರ್ಭ.

ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆಗೆ ಸಮೀಪದ ಶಿರ್ತಾಡಿಯಿಂದ, ಈ ಪತ್ರಿಕೆಯ ಬಹುಕಾಲದ ಓದುಗರಾದ ಗೃಹಸ್ಥರೊಬ್ಬರು ಪತ್ರ ಬರೆದಿದ್ದಾರೆ. ಅವರು ಮೂಲತಃ ಹಾವೇರಿ ಸೀಮೆಯವರು. ನೌಕರಿಯ ನಿಮಿತ್ತ ಕರಾವಳಿಗೆ ಬಂದು ಅಲ್ಲಿಯೇ ನೆಲೆನಿಂತವರು. ಹಿರಿಯ ಮಗಳು ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಭಾರತೀಯ ವಿದೇಶಾಂಗ ಸೇವೆಯನ್ನು ಸೇರಬೇಕೆಂಬುದು ಆಕೆಯ ಹಂಬಲ. ಇತ್ತ ಊರಿನಲ್ಲಿ ಸೋದರತ್ತೆಯ ಮನೆಯವರು ಕನ್ಯೆ ಕೇಳಿಕೊಂಡು ಬಂದಿದ್ದಾರೆ. “ಮೊದಲು ಲಗ್ನವಾಗಲಿ, ಆಮೇಲೆ ಗಂಡನ ಮನೆಯವರು ಒಪ್ಪಿದರೆ ಪರೀಕ್ಷೆಗೆ ಕೂಡಲಿ” ಎಂಬುದು ಹಿರಿಯರ ತೀರ್ಮಾನ. ತಂದೆಯವರು ನಾಲ್ಕು ಪ್ರಶ್ನೆ ಕೇಳಿದ್ದಾರೆ. ಇದು ನಮ್ಮಂಥವರಿಗೆ ಒಪ್ಪುವ ಕಾಯಕವೇ? ಹಳ್ಳಿಯಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇದು ಸಾಧ್ಯವೇ? ದೆಹಲಿಯ ತರಬೇತಿಗೆಂದು ಊರಿನ ಜಮೀನು ಮಾರಬಹುದೇ? ಮದುವೆಯ ಮಾತಿಗೆ ಏನು ಉತ್ತರ ಹೇಳುವುದು? ಇವು ಒಂದು ಮನೆಯ ಪ್ರಶ್ನೆಗಳಲ್ಲವಾದ್ದರಿಂದ ಎಲ್ಲರೂ ಓದುವಂತೆ ಇಲ್ಲಿ ಉತ್ತರಿಸುತ್ತಿದ್ದೇವೆ.

ಮೊದಲನೆಯದು ಕಾಯಕದ ಯೋಗ್ಯತೆಯ ಮಾತು. ರಾಯಭಾರವೆಂಬುದು ನಮ್ಮ ಜನಕ್ಕೆ ಅಪರಿಚಿತವಲ್ಲ. ಕರಾವಳಿಯವರು ತಾಳಮದ್ದಲೆಯಲ್ಲಿ ಕೃಷ್ಣಸಂಧಾನವನ್ನು ರಾತ್ರಿಯಿಡೀ ಕುಳಿತು ಕೇಳುತ್ತಾರೆ. ಯುದ್ಧ ನಿಲ್ಲಲಿಲ್ಲವಾದರೂ ಸಂಧಾನದ ಮಾತು ವ್ಯರ್ಥವೆಂದು ಯಾರೂ ಎದ್ದು ಹೋಗುವುದಿಲ್ಲ. ಇತಿಹಾಸಕ್ಕೆ ಬಂದರೆ, ತುಳುನಾಡಿನವರೆಗೆ ಆಳ್ವಿಕೆಯನ್ನು ಚಾಚಿದ ಕೆಳದಿಯ ಅರಸರು ವೀರಶೈವರು. ೧೬೨೩ರಲ್ಲಿ ಗೋವೆಯ ಪೋರ್ಚುಗೀಸರು ವೆಂಕಟಪ್ಪನಾಯಕನ ಬಳಿಗೆ ತಮ್ಮ ರಾಯಭಾರಿಯನ್ನು ಕಳುಹಿಸಿದರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಆ ತಂಡದೊಡನೆ ಇಕ್ಕೇರಿಗೆ ಬಂದು, ಕಂಡದ್ದನ್ನೆಲ್ಲ ಬರೆದಿಟ್ಟನು. ಕರಾವಳಿಯ ಮೆಣಸಿನ ವ್ಯಾಪಾರ, ನಾಯಕನಿಂದ ನೆಲೆ ಕಳೆದುಕೊಂಡ ಬಂಗ ಅರಸನ ವಿಚಾರ ಇವೇ ಮಾತುಕತೆಯ ವಿಷಯಗಳು. ನಾಯಕನ ಪರವಾಗಿ ಗೋವೆಯಲ್ಲಿದ್ದ ರಾಯಭಾರಿಯ ಹೆಸರನ್ನು ಆ ಪ್ರವಾಸಿ ವಿತುಲ ಸಿನಾಯ್ ಎಂದು ಬರೆದಿದ್ದಾನೆ. ನಮ್ಮ ಬಾಯಲ್ಲಿ ಅದು ವಿಠಲ ಶೆಣೈ ಆಗುತ್ತದೆ. ವೀರಶೈವ ದೊರೆಯು ತನ್ನ ರಾಜ್ಯದ ಮಾತನ್ನು ಪರರಾಜ್ಯದಲ್ಲಿ ಆಡಲು ತನ್ನ ಮತದವನನ್ನೇ ಹುಡುಕಲಿಲ್ಲ. ಆ ಕೆಲಸ ಬಲ್ಲವನನ್ನು ಕಳುಹಿಸಿದನು. ರಾಯಭಾರಕ್ಕೆ ಬೇಕಾದುದು ಯೋಗ್ಯತೆಯೆಂಬುದನ್ನು ನಾನೂರು ವರ್ಷಗಳ ಹಿಂದೆಯೇ ಅವನು ಅರಿತಿದ್ದನು.

ಈ ಕಾಯಕದಲ್ಲಿ ಬೇಕಾದ ಮನೋಧರ್ಮಕ್ಕೆ ಅದೇ ಜಿಲ್ಲೆಯ ಒಂದು ನಿದರ್ಶನವಿದೆ. ಬೆನಗಲ್ ನರಸಿಂಗ ರಾವ್ ಅವರು ೧೮೮೭ರಲ್ಲಿ ಮಂಗಳೂರಿನಲ್ಲಿ ಜನಿಸಿ, ಅಲ್ಲಿಯ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಮತ್ತು ಕೇಂಬ್ರಿಜ್‌ಗಳಲ್ಲಿ ಕಲಿತು ಐಸಿಎಸ್ ಸೇರಿದವರು. ನಮ್ಮ ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರೂ ಅವರೇ. ೧೯೫೦ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿ ಭಾರತದ ಪ್ರತಿನಿಧಿಯಾಗಿ ಅವರು ಕುಳಿತಿದ್ದಾಗ ಕೊರಿಯಾ ಯುದ್ಧ ಹೊತ್ತಿಕೊಂಡಿತು. ಜೂನ್ ೨೫ರ ಮೊದಲ ನಿರ್ಣಯಕ್ಕೆ ಭಾರತ ಮತ ನೀಡಿತು. ಎರಡು ದಿನ ಕಳೆದು, ದಕ್ಷಿಣ ಕೊರಿಯಾಕ್ಕೆ ನೆರವಾಗಬೇಕೆಂಬ ಎರಡನೆಯ ನಿರ್ಣಯ ಬಂದಾಗ ದೆಹಲಿಯ ಅಪ್ಪಣೆ ಇನ್ನೂ ತಲಪಿರಲಿಲ್ಲ. ಜಗತ್ತೆಲ್ಲ ನೋಡುತ್ತಿದ್ದ ಆ ಸಭೆಯಲ್ಲಿ ಅಧ್ಯಕ್ಷರಾದ ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಸರ್ಕಾರದ ನಿಲುವು ತಿಳಿದ ಬಳಿಕವಷ್ಟೇ ಭಾರತದ ಸಮ್ಮತಿಯನ್ನು ಪ್ರಕಟಿಸಲಾಯಿತು.

ಈ ಪ್ರಸಂಗದಲ್ಲಿ ರಾಯಭಾರದ ತಿರುಳಿದೆ. ಅಷ್ಟು ದೊಡ್ಡ ವಿದ್ವಾಂಸರಿಗೆ ಸ್ವಂತ ಅಭಿಪ್ರಾಯ ಇರಲಿಲ್ಲವೆಂದಲ್ಲ. ಆ ಪೀಠದಲ್ಲಿ ಕುಳಿತ ನಾಲಗೆ ತಮ್ಮದಲ್ಲ, ದೇಶದ್ದು ಎಂಬ ಎಚ್ಚರ ಅವರಿಗಿತ್ತು. ಆಡುವ ಮಾತಿಗಿಂತ ತಡೆಹಿಡಿಯುವ ಮಾತಿಗೆ ಹೆಚ್ಚಿನ ತಪಸ್ಸು ಬೇಕು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದರೆಂಬುದನ್ನು ನಾವು ಮರೆಯಬಾರದು; ರಾಜ್ಯದ ಕೆಲಸವನ್ನು ಶುದ್ಧವಾಗಿ ನಡೆಸುವುದು ಶರಣಧರ್ಮಕ್ಕೆ ಹೊರತಲ್ಲ.

ಇನ್ನು ದಾಸೋಹದ ಕಣ್ಣಿನಿಂದ ನೋಡೋಣ. ರಾಯಭಾರ ಕಚೇರಿಯೆಂದರೆ ಔತಣಕೂಟಗಳ ತಾಣವೆಂದು ಹಲವರು ಬಗೆದಿದ್ದಾರೆ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವನು, ಸಂಬಳ ಸಿಗದೆ ದಿಕ್ಕೆಟ್ಟ ಕೂಲಿಕಾರ, ಅಲ್ಲಿಯೇ ತೀರಿಕೊಂಡವನ ದೇಹಕ್ಕಾಗಿ ಇಲ್ಲಿ ಕಾಯುತ್ತಿರುವ ತಾಯಿ, ಇವರೆಲ್ಲ ಬಂದು ಬಾಗಿಲು ತಟ್ಟುವುದು ಆ ಕಚೇರಿಯನ್ನೇ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿಲ್ಲದ ಊರು ಕರಾವಳಿಯಲ್ಲಿ ವಿರಳ. ೧೯೯೦ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿಕೊಂಡಾಗ ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. ಆ ಕಾರ್ಯದಲ್ಲಿ ನಿದ್ದೆಗೆಟ್ಟು ದುಡಿದವರಲ್ಲಿ ವಿದೇಶಾಂಗ ಸೇವೆಯವರೂ ಇದ್ದರು. ಇದನ್ನು ದಾಸೋಹವೆನ್ನದೆ ಬೇರೇನೆನ್ನಬೇಕು?

ಆಚಾರಕ್ಕೆ ಭಂಗ ಬಾರದೇ ಎಂದು ಮನೆಯ ಅಜ್ಜಿಯವರು ಆತಂಕಪಟ್ಟಿದ್ದಾರಂತೆ. ಅವರಿಗೆ ನಮ್ಮ ವಿನಂತಿಯಿಷ್ಟೆ: ನಮ್ಮ ದೇವರು ಒಂದು ಊರಿನ ಗುಡಿಯಲ್ಲಿ ನಿಂತ ದೇವರಲ್ಲ. ಇಷ್ಟಲಿಂಗವು ಅಂಗದ ಮೇಲಿರುವಾಗ, ಅಂಗ ಹೋದಲ್ಲಿ ದೇವರಿದ್ದಾನೆ. ಬೆಳಗಿನ ಪೂಜೆಗೆ ಅಂಗೈಯಗಲ ಸ್ಥಳ ಸಾಕು. ಅದು ಶಿರ್ತಾಡಿಯಲ್ಲಿ ಸಿಕ್ಕಂತೆ ಟೋಕಿಯೋದಲ್ಲಿಯೂ ಸಿಗುತ್ತದೆ. ಸಸ್ಯಾಹಾರವನ್ನು ಕೇಳಿ ಪಡೆಯುವುದರಲ್ಲಿ, ಬೇಡವಾದ ಪಾನೀಯವನ್ನು ನಗುತ್ತಲೇ ನಿರಾಕರಿಸುವುದರಲ್ಲಿ ಯಾವ ದೇಶದಲ್ಲೂ ಅಗೌರವವಿಲ್ಲ. ೨೦೧೫ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದರೆದುರು ನಿಂತ ಪರದೇಶೀಯನು ಇವರು ಯಾರೆಂದು ಕೇಳಿದರೆ ನಾಲ್ಕು ಸರಳ ವಾಕ್ಯಗಳಲ್ಲಿ ತಿಳಿಯ ಹೇಳಬಲ್ಲವರು ನಮ್ಮ ಮನೆಗಳಿಂದಲೂ ಹೊರಡಬೇಡವೇ?

ಎರಡನೆಯ ಪ್ರಶ್ನೆ, ಸಾಧ್ಯವೇ ಎಂಬುದು. ಸುಳ್ಳು ಧೈರ್ಯ ಹೇಳುವುದು ನಮಗೆ ಒಪ್ಪದು. ಆದ್ದರಿಂದ ಮೊದಲು ಅಂಕಿಗಳನ್ನೇ ಕೊಡುತ್ತೇವೆ. ವಿದೇಶಾಂಗ ಸೇವೆಗೆ ಬೇರೆ ಪರೀಕ್ಷೆಯಿಲ್ಲ. ಕೇಂದ್ರ ಲೋಕಸೇವಾ ಆಯೋಗವು ವರ್ಷವರ್ಷವೂ ನಡೆಸುವ ನಾಗರಿಕ ಸೇವಾ ಪರೀಕ್ಷೆಯೇ ಅದಕ್ಕೂ ಹೆಬ್ಬಾಗಿಲು. ೨೦೨೪ರ ಪರೀಕ್ಷೆಗೆ ಅರ್ಜಿ ಹಾಕಿದವರು ೯,೯೨,೫೯೯ ಮಂದಿ. ಕೊನೆಗೆ ಆಯ್ಕೆಯಾದವರು ೧,೦೦೯. ವಿದೇಶಾಂಗ ಸೇವೆಗೆ ಮೀಸಲಾಗಿದ್ದ ಸ್ಥಾನಗಳು ೫೫. ಹೀಗಾಗಿ ತೇರ್ಗಡೆಯಾದರಷ್ಟೇ ಸಾಲದು. ಈ ಸೇವೆಯನ್ನು ತನ್ನ ಆದ್ಯತೆಯೆಂದು ಮೊದಲೇ ತಿಳಿಸಿ, ಮೇಲಿನ ಶ್ರೇಣಿಯಲ್ಲಿ ಬರಬೇಕು.

ಪರೀಕ್ಷೆಗೆ ಮೂರು ಮೆಟ್ಟಿಲು. ಪ್ರಾಥಮಿಕ ಪರೀಕ್ಷೆಯಲ್ಲಿ ತಲಾ ೨೦೦ ಅಂಕಗಳ ಎರಡು ಪತ್ರಿಕೆ. ಎರಡನೆಯದರಲ್ಲಿ ಶೇಕಡ ೩೩ ಬಂದರೆ ಸಾಕು, ಮೊದಲನೆಯದೇ ಮುಂದಿನ ಮೆಟ್ಟಿಲನ್ನು ನಿರ್ಧರಿಸುವುದು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆದುಹೋಗುತ್ತದೆ. ಎರಡನೆಯದಾದ ಮುಖ್ಯ ಪರೀಕ್ಷೆ ಬರವಣಿಗೆಯದು. ಅದರಲ್ಲಿ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷಿನ ಅರ್ಹತಾ ಪತ್ರಿಕೆಗಳು. ಪ್ರಬಂಧ, ಸಾಮಾನ್ಯ ಅಧ್ಯಯನದ ನಾಲ್ಕು, ಐಚ್ಛಿಕ ವಿಷಯದ ಎರಡು ಸೇರಿ ೧,೭೫೦ ಅಂಕಗಳು. ಮೂರನೆಯದು ೨೭೫ ಅಂಕಗಳ ಸಂದರ್ಶನ. ಈಗಿನ ನಿಯಮದಂತೆ ಸಾಮಾನ್ಯ ವರ್ಗದವರು ೨೧ರಿಂದ ೩೨ರ ವಯಸ್ಸಿನೊಳಗೆ ಆರು ಬಾರಿ ಕೂಡಬಹುದು. ಇಲ್ಲಿ ಒಂದು ಎಚ್ಚರಿಕೆ: ರಾಜ್ಯದ ಹಿಂದುಳಿದ ವರ್ಗದ ಪ್ರಮಾಣಪತ್ರವು ಕೇಂದ್ರದ ಪರೀಕ್ಷೆಗೆ ತಾನಾಗಿ ಸಲ್ಲುವುದಿಲ್ಲ. ಕೇಂದ್ರದ ಪಟ್ಟಿ ಬೇರೆ. ತಮ್ಮ ಪಂಗಡ ಅದರಲ್ಲಿದೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಕನ್ನಡದ ಮಕ್ಕಳು ಎದೆಗುಂದಬೇಕಾಗಿಲ್ಲ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ಹಾಗೆ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿಯೇ ಎದುರಿಸಬಹುದು. ಆದರೆ ಪ್ರಾಥಮಿಕ ಪರೀಕ್ಷೆಯ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ, ಮತ್ತು ಈ ಸೇವೆಯಲ್ಲಿ ಇಂಗ್ಲಿಷಿಲ್ಲದೆ ಒಂದು ದಿನವೂ ಸಾಗದು. ಕನ್ನಡದಲ್ಲಿ ಆಲೋಚಿಸಿ, ಇಂಗ್ಲಿಷನ್ನು ಉಪಕರಣದಂತೆ ಹದಗೊಳಿಸಿಕೊಳ್ಳುವುದು ಸರಿಯಾದ ದಾರಿ.

ಶಿರ್ತಾಡಿಯ ವಾಸವನ್ನು ತಂದೆಯವರು ಕೊರತೆಯೆಂದು ಬರೆದಿದ್ದಾರೆ. ನಮಗೆ ಅದು ಸಂಪತ್ತಾಗಿ ತೋರುತ್ತದೆ. ಮನೆಯಲ್ಲಿ ಹಾವೇರಿಯ ಕನ್ನಡ, ನೆರೆಯಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ ಮತ್ತು ಬ್ಯಾರಿ, ತರಗತಿಯಲ್ಲಿ ಇಂಗ್ಲಿಷು. ದಿನಕ್ಕೆ ಐದು ಮಾತುಗಳ ನಡುವೆ ಬೆಳೆದ ಮಗು, ಮಾತು ಬದಲಾದಾಗ ಮರ್ಯಾದೆಯ ರೀತಿಯೂ ಬದಲಾಗುತ್ತದೆಂಬುದನ್ನು ಪುಸ್ತಕವಿಲ್ಲದೆ ಕಲಿತಿರುತ್ತದೆ. ಬಸದಿ, ಇಗರ್ಜಿ, ಮಸೀದಿ, ದೈವಸ್ಥಾನಗಳಿಗೆ ಹೋಗುವವರೊಡನೆ ಒಂದೇ ಬಸ್ಸಿನಲ್ಲಿ ಕುಳಿತು ಬರುವವಳಿಗೆ ಪರರ ನಂಬಿಕೆ ಹೆದರಿಕೆಯ ವಸ್ತುವಲ್ಲ. ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆ ಮಸ್ಸೂರಿಯಲ್ಲಿ, ಬಳಿಕ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿಯಾಗುತ್ತದೆ. ಆಮೇಲೆ ಅರಬ್ಬಿ, ಚೀನಿ, ರಷ್ಯನ್, ಫ್ರೆಂಚ್ ಮೊದಲಾದವುಗಳಲ್ಲಿ ಒಂದು ಭಾಷೆಯನ್ನು ಗೊತ್ತುಮಾಡಿ, ಆ ಭಾಷೆಯ ನಾಡಿಗೆ ತೃತೀಯ ಕಾರ್ಯದರ್ಶಿಯಾಗಿ ಕಳುಹಿಸುತ್ತಾರೆ. ಆ ಭಾಷೆಯ ಪರೀಕ್ಷೆ ಮುಗಿಸಿದ ಮೇಲೆಯೇ ನೌಕರಿ ಕಾಯಮು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದವರು ಮುಂದೆ ರಾಯಭಾರಿಗಳಾಗುತ್ತಾರೆ. ಕಾಮನ್‌ವೆಲ್ತ್ ದೇಶಗಳಲ್ಲಿ ಅದೇ ಹುದ್ದೆಗೆ ಹೈಕಮಿಷನರ್ ಎಂದು ಹೆಸರು.

ಅಭ್ಯಾಸದ ಬಗೆಗೆ ಎರಡು ಮಾತು. ದಿನಪತ್ರಿಕೆಯ ವಿದೇಶ ವಾರ್ತೆಯನ್ನು ಭೂಪಟ ಎದುರಿಗಿಟ್ಟುಕೊಂಡು ಓದಬೇಕು. ಊರಿನ ಹೆಸರು ಬಂದಾಗ ಬೆರಳು ಅಲ್ಲಿಗೆ ಹೋಗಬೇಕು. ಆ ನಾಡಿನ ನೆರೆಯವರು ಯಾರು, ಹಡಗು ಯಾವ ದಾರಿಯಲ್ಲಿ ಹೋಗುತ್ತದೆ, ನಮ್ಮವರು ಅಲ್ಲಿ ಎಷ್ಟಿದ್ದಾರೆ ಎಂದು ಕೇಳಿಕೊಳ್ಳಬೇಕು. ಆರನೆಯ ತರಗತಿಯಿಂದ ಹನ್ನೆರಡರವರೆಗಿನ ಕೇಂದ್ರೀಯ ಪಠ್ಯಪುಸ್ತಕಗಳನ್ನು ಮೊದಲು ಮುಗಿಸಬೇಕು. ದಿನಕ್ಕೊಂದು ಪ್ರಶ್ನೆಗೆ ನೂರೈವತ್ತು ಪದಗಳಲ್ಲಿ ಉತ್ತರ ಬರೆದು, ಬಲ್ಲವರ ಕೈಯಲ್ಲಿ ತಿದ್ದಿಸಬೇಕು. ನಾವು ಮಠದ ಪಾಠಶಾಲೆಯಲ್ಲಿ ಕಲಿಯುತ್ತಿದ್ದಾಗ ಗುರುಗಳು ಪೂರ್ವಪಕ್ಷವನ್ನು, ಎದುರಾಳಿಯೇ ಕೇಳಿದರೂ ಮೆಚ್ಚುವಂತೆ ಮೊದಲು ಹೇಳಿಸುತ್ತಿದ್ದರು. ಸಿದ್ಧಾಂತದ ಸರದಿ ಆಮೇಲೆ. ಎದುರಿನವನ ಮಾತನ್ನು ನ್ಯಾಯವಾಗಿ ಹೇಳಲಾರದವನು ತನ್ನ ಮಾತನ್ನು ಗೆಲ್ಲಿಸಲಾರ. ಆ ಪದ್ಧತಿ ಈ ಪರೀಕ್ಷೆಗೂ ಸಲ್ಲುತ್ತದೆ, ಪರೀಕ್ಷೆಯಾಚೆಯ ಕಾಯಕಕ್ಕೂ ಸಲ್ಲುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಜಮೀನು ಮಾರಬೇಡಿ. ಲಕ್ಷಗಟ್ಟಲೆ ಮಂದಿ ಕೂಡುವ ಪರೀಕ್ಷೆಯಲ್ಲಿ ಒಳ್ಳೆಯವರಿಗೂ ಕೆಲವು ಸಾರಿ ತಪ್ಪುತ್ತದೆ. ಮಾರಿದ ಹೊಲದ ನೆನಪು ಹುಡುಗಿಯ ತಲೆಯ ಮೇಲೆ ಕುಳಿತರೆ ಆಕೆ ಬರೆಯುವ ಕೈಯೇ ನಡುಗೀತು. ಮೊದಲ ವರ್ಷ ಮನೆಯಲ್ಲಿದ್ದು ಓದಲಿ. ರಾಜ್ಯದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮೊದಲಾದ ಕಡೆ ಇರುವ ಉಚಿತ ತರಬೇತಿಯ ಅವಕಾಶಗಳನ್ನು ವಿಚಾರಿಸಲಿ. ಜೊತೆಗೆ ಸ್ನಾತಕೋತ್ತರ ಪದವಿಯನ್ನೋ ಬೇರೊಂದು ಉದ್ಯೋಗದ ದಾರಿಯನ್ನೋ ಕೈಬಿಡದಿರಲಿ. ಇಷ್ಟು ವರ್ಷ ಯತ್ನ, ಆಮೇಲೆ ಬೇರೆ ದಾರಿ ಎಂದು ತಂದೆ ಮಗಳು ಕುಳಿತು ಮೊದಲೇ ಗೊತ್ತುಮಾಡಿಕೊಳ್ಳಲಿ. ಆ ಗಡುವನ್ನು ಮನೆಯವರು ಅವಸರಪಡಿಸಿ ಕಡಿಮೆ ಮಾಡಬಾರದು. ಮಗಳು ಹಟದಿಂದ ಬೆಳೆಸುತ್ತ ಹೋಗಬಾರದು.

ಈಗ ನಾಲ್ಕನೆಯದು, ಎಲ್ಲಕ್ಕಿಂತ ತೂಕದ್ದು. ಇದಕ್ಕೆ ಕೊಡಗಿನ ಒಬ್ಬ ಹೆಣ್ಣುಮಗಳ ಜೀವನವೇ ಉತ್ತರ. ಚೋಣಿರ ಬೆಳ್ಳಿಯಪ್ಪ ಮುತ್ತಮ್ಮನವರು ೧೯೨೪ರಲ್ಲಿ ವಿರಾಜಪೇಟೆಯಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿ ಓದಿಸಿದರು. ಮಡಿಕೇರಿ, ಮದರಾಸುಗಳಲ್ಲಿ ಕಲಿತು ೧೯೪೮ರಲ್ಲಿ ಕೇಂದ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರುವರ್ಷ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆಯಾದರು. ಸಂದರ್ಶನ ಮಂಡಳಿಯವರೇ ತಮ್ಮ ಮನಸ್ಸನ್ನು ತಿರುಗಿಸಲು ಯತ್ನಿಸಿದರೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಸೇರುವಾಗಲೇ ಬರೆದುಕೊಡಬೇಕಾಯಿತು. ಅವರು ಮದುವೆಯಾಗಲಿಲ್ಲ. ೧೯೭೦ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಈ ಸೇವೆಯೊಳಗಿನಿಂದ ಬೆಳೆದು ಆ ಹುದ್ದೆಗೇರಿದ ಮೊದಲ ಮಹಿಳೆಯೂ ಅವರೇ.

ಅಷ್ಟಾದರೂ ಮೇಲಿನ ಬಡ್ತಿ ತಮಗೆ ತಪ್ಪಿದಾಗ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ೧೯೬೧ರ ಸೇವಾ ನಿಯಮದಂತೆ ಈ ಸೇವೆಯ ಮಹಿಳೆ ಮದುವೆಯಾಗುವ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದಿತ್ತು. ಪುರುಷರಿಗೆ ಈ ಕಟ್ಟಳೆಯಿರಲಿಲ್ಲ. ೧೯೭೯ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕೊಟ್ಟ ತೀರ್ಪಿನಲ್ಲಿ, ಸಂಸಾರ ಹೆಣ್ಣಿಗೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬಹುದಲ್ಲವೇ ಎಂಬ ಆಶಯದ ಮಾತು ಬಂದಿತು. ಅಷ್ಟರಲ್ಲಿ ಸರ್ಕಾರ ಮುತ್ತಮ್ಮನವರಿಗೆ ಬಡ್ತಿ ಕೊಟ್ಟು, ಆ ನಿಯಮವನ್ನು ತೆಗೆದುಹಾಕಲು ಮುಂದಾಗಿದ್ದುದರಿಂದ ಅರ್ಜಿಯನ್ನು ಅಲ್ಲಿಗೆ ಮುಗಿಸಲಾಯಿತು. ಆದರೆ ಹೆಣ್ಣು ಗಂಡೆಂಬ ಭೇದದ ಕಲೆ ಇರುವ ಸೇವಾ ನಿಯಮಗಳನ್ನೆಲ್ಲ ಸರ್ಕಾರ ತಿದ್ದಬೇಕೆಂಬ ಮಾತು ತೀರ್ಪಿನಲ್ಲಿ ಉಳಿಯಿತು. ಮುತ್ತಮ್ಮನವರು ೧೯೮೨ರಲ್ಲಿ ನಿವೃತ್ತರಾಗಿ, ೨೦೦೯ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅವರು ತೆರೆದ ದಾರಿಯಲ್ಲಿ ಮುಂದೆ ಮೂವರು ಮಹಿಳೆಯರು ದೇಶದ ವಿದೇಶಾಂಗ ಕಾರ್ಯದರ್ಶಿಗಳಾದರು: ೨೦೦೧ರಲ್ಲಿ ಚೋಕಿಲ ಅಯ್ಯರ್, ೨೦೦೯ರಲ್ಲಿ ನಿರುಪಮಾ ರಾವ್, ೨೦೧೩ರಲ್ಲಿ ಸುಜಾತಾ ಸಿಂಗ್. ನಿರುಪಮಾ ಅವರು ಬೆಂಗಳೂರಿನಲ್ಲಿ ಓದಿದವರು. ಅವರ ಪತಿ ಸುಧಾಕರ ರಾವ್ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಸಂಸಾರವೂ ಸೇವೆಯೂ ಒಂದು ಬಾಳಿನಲ್ಲಿ ಕೂಡಿ ಬಾಳಬಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಬಂಧುಗಳೇ, ಈಗ ಆ ಮನೆಯ ಹಿರಿಯರ ತೀರ್ಮಾನವನ್ನು ಮತ್ತೊಮ್ಮೆ ಓದಿ. ಗಂಡನ ಮನೆಯವರು ಒಪ್ಪಿದರೆ ಓದಲಿ ಎನ್ನುವುದಕ್ಕೂ, ಸರ್ಕಾರ ಒಪ್ಪಿದರೆ ಮದುವೆಯಾಗಲಿ ಎನ್ನುವುದಕ್ಕೂ ಏನು ವ್ಯತ್ಯಾಸ? ಎರಡರಲ್ಲಿಯೂ ಹೆಣ್ಣಿನ ಬಾಳಿನ ಕೀಲಿಕೈ ಬೇರೆಯವರ ಬಳಿ. ನಾಚಿಕೊಂಡು ಸರ್ಕಾರವೇ ಕೈಬಿಟ್ಟ ಕಟ್ಟಳೆಯನ್ನು, ಅಕ್ಕಮಹಾದೇವಿಯನ್ನು ಅನುಭವ ಮಂಟಪಕ್ಕೆ ಎದುರುಗೊಂಡವರ ವಾರಸುದಾರರೆನ್ನುವ ನಾವು ಮನೆಯೊಳಗೆ ಇಟ್ಟುಕೊಳ್ಳಬಹುದೇ?

ಸೋದರತ್ತೆಯ ಮನೆಯವರನ್ನು ನೋಯಿಸಬೇಕಾಗಿಲ್ಲ. “ತಂಗೀ, ನಿನ್ನ ಮಗ ಒಳ್ಳೆಯವನು. ಆದರೆ ನಮ್ಮ ಮಗಳು ಇಷ್ಟು ವರ್ಷ ಓದುತ್ತಾಳೆ. ಕಾಯುವ ಮನಸ್ಸು ನಿಮಗೂ, ಒಪ್ಪುವ ಮನಸ್ಸು ಅವಳಿಗೂ ಇದ್ದರೆ ಆಗ ಮಾತಾಡೋಣ, ಇಲ್ಲವಾದರೆ ಬೇರೆ ಕನ್ಯೆ ನೋಡಿಕೊಳ್ಳಿ, ನಮ್ಮ ನಂಟು ಹಾಗೆಯೇ ಇರುತ್ತದೆ” ಎಂದು ತಂದೆಯವರೇ ಊರಿಗೆ ಹೋಗಿ, ಎದುರು ಕುಳಿತು ಹೇಳಲಿ. ಮಾತು ಮೃದುವಾಗಿರಲಿ, ನಿಲುವು ಗಟ್ಟಿಯಾಗಿರಲಿ. ರಾಯಭಾರದ ಮೊದಲ ಪಾಠವನ್ನು ಮಗಳು ತಂದೆಯಿಂದಲೇ ಕಲಿಯುವಂತಾಗಲಿ.

ಪರೀಕ್ಷೆಯಲ್ಲಿ ಗೆಲುವು ಯಾರ ಕೈಯಲ್ಲೂ ಇಲ್ಲ. ಆದರೆ ಕೂಡಲು ಬಿಡುವುದೂ ಬಿಡದಿರುವುದೂ ನಮ್ಮ ಕೈಯಲ್ಲಿದೆ. ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿರುವ ಪ್ರತಿ ಮನೆಯೂ ಈ ತಿಂಗಳು ಒಂದು ಸಂಜೆ, ಪೂಜೆ ಮುಗಿದ ಮೇಲೆ, ಆ ಮಗಳನ್ನು ಕೂರಿಸಿಕೊಂಡು, ನಿನ್ನ ಮನಸ್ಸಿನಲ್ಲಿ ಯಾವ ಕಾಯಕವಿದೆ ತಾಯೀ ಎಂದು ಕೇಳಲಿ. ಅವಳು ಹೇಳಿ ಮುಗಿಸುವವರೆಗೆ ನಡುವೆ ಯಾರೂ ಬಾಯಿ ಹಾಕದಿರಲಿ.